ಮೌನವೇ ಅಭಿನಯವೆ?

ಇಟಲಿ ದೇಶದವರು ತೆಗೆದ ಕೌಬಾಯ್ ಚಲಚ್ಚಿತ್ರಗಳಲ್ಲಿ ಶ್ರೇಷ್ಠನಾದ ನಾಯಕನಟನು ಯಾರೆಂಬ ಪ್ರಶ್ನೆಯು ಎಂದೋ ತೀರ್ಮಾನವಾಗಿ ಹೋಗಿದೆಯೆಂದು ಬಹುಜನರು ಭಾವಿಸಿರುವರು. ಕ್ಲಿಂಟ್ ಈಸ್ಟ್‌ವುಡ್ಡನ ಹೆಸರನ್ನು ಹೇಳಿದ ಮೇಲೆ ಮತ್ತೊಂದು ಹೆಸರನ್ನೆತ್ತುವುದೇ ಅರಸಿಕತೆಯ ಗುರುತೆಂದು ಎಣಿಸುವವರೂ ಉಂಟು. ಬಾಯಲ್ಲಿ ಅರೆಸುಟ್ಟ ಚುಟ್ಟ, ಮೈಮೇಲೆ ಕಂಬಳಿಯಂತಹ ಹೊದಿಕೆ, ಕಿರಿದುಮಾಡಿದ ಕಣ್ಣು, ನಾಲ್ಕು ಮಾತಿಗೆ ಎಡೆಯಿರುವಲ್ಲಿ ಒಂದೇ ಮಾತು. ಇಷ್ಟು ಕೂಡಿದರೆ ಅಭಿನಯದ ಪರಾಕಾಷ್ಠೆಯಾಯಿತೆಂಬುದು ಅವರ ಮತ. ಈ ಮತವು ನಿರ್ದುಷ್ಟವಾದುದೆಂದು ಒಪ್ಪುವ ಮೊದಲು ಅದನ್ನು ಒರೆಗೆ ಹಚ್ಚಿ ನೋಡುವುದು ಅವಶ್ಯಕ. ಏಕೆಂದರೆ ಇಲ್ಲಿ ವಿವಾದಕ್ಕೆ ಸಿಕ್ಕಿರುವುದು ಒಬ್ಬ ನಟನ ಕೀರ್ತಿಯೊಂದೇ ಅಲ್ಲ. ಅಭಿನಯವೆಂದರೇನು, ಪೌರುಷವೆಂದರೇನು ಎಂಬ ಪ್ರಶ್ನೆಗಳೂ ಅದರೊಡನೆ ಹೆಣೆದುಕೊಂಡಿರುವುವು.

ವಿಷಯದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತುಗಳು ಬೇಕು. 'ಸ್ಪಗೆಟ್ಟಿ ವೆಸ್ಟರ್ನ್' ಎಂಬ ಹೆಸರು ಪರಿಹಾಸದಿಂದ ಹುಟ್ಟಿದುದು. ಶಾವಿಗೆಯಂತಹ ತಿನಿಸನ್ನು ಉಣ್ಣುವ ಇಟಲಿಯವರಿಗೆ ಅಮೆರಿಕದ ಕುದುರೆ ಸವಾರರ ಕಥೆಯೇಕೆ ಎಂಬ ತಾತ್ಸಾರವು ಆ ಹೆಸರಿನಲ್ಲಿ ಅಡಗಿದೆ. ಆದರೆ ೧೯೬೪ರಲ್ಲಿ ಸೆರ್ಜಿಯೊ ಲೆಯೋನೆಯು 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಎಂಬ ಚಿತ್ರವನ್ನು ತೆಗೆದ ಮೇಲೆ ನಕ್ಕವರೇ ಬಾಯ್ಮುಚ್ಚಬೇಕಾಯಿತು. ಅಮೆರಿಕದ ಟೆಕ್ಸಾಸೂ ಮೆಕ್ಸಿಕೋವೂ ಆದುದು ಸ್ಪೇನ್ ದೇಶದ ಅಲ್ಮೆರಿಯಾ ಸೀಮೆಯ ಒಣನೆಲ. ನಟರು ಹಲವು ದೇಶದವರು, ಹಲವು ಭಾಷೆಯವರು. ಚಿತ್ರವನ್ನು ಮೂಕವಾಗಿಯೇ ತೆಗೆದು ಮಾತುಗಳನ್ನು ಅನಂತರ ಜೋಡಿಸುವುದು ಆಗಿನ ಇಟಲಿಯವರ ಪದ್ಧತಿಯಾಗಿದ್ದಿತು. ಹೊರದೇಶದ ಚಿತ್ರವೆಂದು ತೋರಲೆಂದು ಲೆಯೋನೆಯು ತನ್ನ ಹೆಸರನ್ನು ಬಾಬ್ ರಾಬರ್ಟ್‌ಸನ್ ಎಂದೂ, ಸಂಗೀತಗಾರ ಎನ್ನಿಯೊ ಮೊರಿಕೋನೆಯು ಡ್ಯಾನ್ ಸಾವಿಯೊ ಎಂದೂ ಬದಲಿಸಿಕೊಂಡರು. ವೇಷಾಂತರದಿಂದಲೇ ಆರಂಭವಾದ ಈ ಸಂಪ್ರದಾಯದಲ್ಲಿ ವೇಷ ಯಾವುದು, ನಟನ ಸ್ವಂತ ಸೊತ್ತು ಯಾವುದು ಎಂದು ಬೇರ್ಪಡಿಸುವುದೇ ವಿಮರ್ಶಕನ ಮೊದಲ ಕರ್ತವ್ಯ.

ಈಸ್ಟ್‌ವುಡ್ ಪಕ್ಷದವರ ವಾದಗಳು ಮುಖ್ಯವಾಗಿ ಮೂರು. ಹೆಸರಿಲ್ಲದ ಏಕಾಕಿ ವೀರನೆಂಬ ಪಾತ್ರವನ್ನು ಸೃಷ್ಟಿಸಿದವನು ಆತನೇ ಎಂಬುದು ಒಂದು. ಅಲ್ಪದರಿಂದ ಬಹುವನ್ನು ಸೂಚಿಸುವ ಮಿತವ್ಯಯವು ಆತನ ಅಭಿನಯದಲ್ಲಿರುವಂತೆ ಇತರರಲ್ಲಿಲ್ಲವೆಂಬುದು ಎರಡು. ಲೋಕವೆಲ್ಲವೂ ಆತನನ್ನೇ ನೆನೆಯುವುದೆಂಬುದು ಮೂರು. ಇವುಗಳನ್ನು ಕ್ರಮವಾಗಿ ವಿಚಾರಿಸಬಹುದು.

ಮೊದಲನೆಯ ವಾದವು ಇತಿಹಾಸದ ಮುಂದೆ ನಿಲ್ಲಲಾರದು. ಎರಡು ಕಕ್ಷಿಗಳು ಕಾದಾಡುವ ಊರಿಗೆ ಗೊತ್ತುಗುರಿಯಿಲ್ಲದ ಭಟನೊಬ್ಬನು ಬಂದು, ಇಬ್ಬರ ಸಂಬಳವನ್ನೂ ತಿಂದು, ಇಬ್ಬರನ್ನೂ ಮುಗಿಸಿ ಹೋಗುವ ಕಥೆಯನ್ನು ಜಪಾನಿನ ಅಕಿರಾ ಕುರೊಸಾವನು ೧೯೬೧ರಲ್ಲಿಯೇ 'ಯೋಜಿಂಬೊ' ಎಂಬ ಚಿತ್ರದಲ್ಲಿ ತೋರಿಸಿದ್ದನು. ಅದರಲ್ಲಿ ಭಟನ ಪಾತ್ರವನ್ನು ವಹಿಸಿದವನು ತೊಶಿರೊ ಮಿಫುನೆ. ಲೆಯೋನೆಯ ಚಿತ್ರವು ಅದರ ಅನುಕರಣವೆಂದು ಜಪಾನಿನವರು ತಂಟೆ ತೆಗೆದು, ಕೊನೆಗೆ ಲೋಕದಾದ್ಯಂತದ ಆದಾಯದಲ್ಲಿ ಶೇಕಡಾ ೧೫ರ ಪಾಲನ್ನು ಪಡೆದರು. ಈಸ್ಟ್‌ವುಡ್ಡನಾದರೋ ಆಗ ಅಮೆರಿಕದ ಟೆಲಿವಿಷನ್ನಿನಲ್ಲಿ ದನಗಾಹಿಯ ವೇಷ ಹಾಕುತ್ತಿದ್ದ ೩೪ ವಯಸ್ಸಿನ ನಟ. ದೊಡ್ಡ ಹೆಸರಿನವರು ದೊರೆಯದೆ ಹೋದುದರಿಂದ ೧೫,೦೦೦ ಡಾಲರುಗಳ ಸಂಭಾವನೆಗೆ ಆತನು ಗೊತ್ತಾದನು. ಆತನು ತನ್ನ ಪಾತ್ರದ ಮಾತುಗಳನ್ನು ತಾನಾಗಿಯೇ ಕಡಿಮೆ ಮಾಡಿಸಿಕೊಂಡನೆಂಬುದು ನಿಜ. ಅದು ಆತನ ಬುದ್ಧಿಗೆ ಭೂಷಣವೂ ಹೌದು. ಆದರೆ ಎರವಲು ತಂದ ಮನೆಗೆ ಸುಣ್ಣ ಬಳಿದವನನ್ನು ಮನೆ ಕಟ್ಟಿದವನೆನ್ನುವುದು ನ್ಯಾಯವಲ್ಲ.

ಎರಡನೆಯ ವಾದವೇ ಮುಖ್ಯವಾದುದು. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ವಿಧವಾಗಿ ವಿಭಾಗಿಸಿರುವನಷ್ಟೆ. ಈ ನಾಲ್ಕರಿಂದಲೂ ಈಸ್ಟ್‌ವುಡ್ಡನನ್ನು ಅಳೆದು ನೋಡಬೇಕು. ಚುಟ್ಟ, ಹೊದಿಕೆ, ಟೊಪ್ಪಿಗೆ, ಕುರುಚಲು ಗಡ್ಡ ಇವೆಲ್ಲವೂ ಆಹಾರ್ಯ. ಅವನ್ನು ಯಾರ ಮೈಮೇಲೆ ಹೊದಿಸಿದರೂ ಅರ್ಧ ಪರಿಣಾಮವು ಉಂಟಾಗುವುದೆಂಬುದಕ್ಕೆ ಮುಂದೆ ಹತ್ತಾರು ಮಂದಿ ಅನುಕರಣಕಾರರು ಸಾಕ್ಷಿಯಾದರು. ವಾಚಿಕವನ್ನು ನೋಡಿದರೆ, ಲೆಯೋನೆಯ ಮೂರು ಚಿತ್ರಗಳಲ್ಲಿಯೂ ಇಟಲಿಯ ಪ್ರೇಕ್ಷಕರು ಕೇಳಿದುದು ಈಸ್ಟ್‌ವುಡ್ಡನ ಕಂಠವನ್ನಲ್ಲ, ಎನ್ರಿಕೊ ಮರಿಯಾ ಸಲೆರ್ನೊ ಎಂಬ ನಟನ ಕಂಠವನ್ನು. ಇಂಗ್ಲಿಷಿನಲ್ಲಿ ನೋಡುವವರಿಗೆ ಇಟಲಿಯ ನಟರ ಸ್ವಂತ ಕಂಠವೂ ಹಾಗೆಯೇ ಕೇಳದು. ಆದುದರಿಂದ ತೂಕವು ಸಮನಾಗಿರಬೇಕಾದರೆ ವಾಚಿಕವನ್ನು ಎರಡು ಕಡೆಯಿಂದಲೂ ಬಿಟ್ಟುಬಿಡುವುದೇ ಯುಕ್ತ. ಉಳಿದುವು ಆಂಗಿಕ, ಸಾತ್ತ್ವಿಕಗಳು. ಈಸ್ಟ್‌ವುಡ್ಡನ ನಡಿಗೆಯು ಸುಂದರವಾದುದು, ಕೈಚಳಕವು ಸ್ಫುಟವಾದುದು. ಆಂಗಿಕದಲ್ಲಿ ಆತನಿಗೆ ಸಲ್ಲಬೇಕಾದುದನ್ನು ಸಲ್ಲಿಸಲೇಬೇಕು. ಸಾತ್ತ್ವಿಕದಲ್ಲಿ ಮಾತ್ರ ತೊಡಕು ಬರುವುದು. ಈಸ್ಟ್‌ವುಡ್ಡನಿಗೆ ಎರಡೇ ಮುಖಭಾವಗಳು, ಟೊಪ್ಪಿಗೆಯಿಟ್ಟಾಗ ಒಂದು, ಇಡದಿದ್ದಾಗ ಇನ್ನೊಂದು ಎಂದು ಲೆಯೋನೆಯೇ ಹಾಸ್ಯವಾಡಿದನೆಂಬ ಮಾತು ಪ್ರಚಾರದಲ್ಲಿದೆ. ಹಾಸ್ಯವೇ ಇರಬಹುದು, ಆದರೆ ಹೊಂದದ ಟೊಪ್ಪಿಗೆಯಲ್ಲ.

ಇದಕ್ಕೆ ಪ್ರತಿಯಾಗಿ, ನಿಶ್ಚಲತೆಯೂ ಸ್ತಂಭವೆಂಬ ಸಾತ್ತ್ವಿಕಭಾವವಲ್ಲವೆ ಎಂದು ಬಲ್ಲವರು ಕೇಳಬಹುದು. ಪ್ರಶ್ನೆಯು ಸಮಂಜಸವಾದುದು. ಭರತನು ಹೇಳಿದ ಎಂಟು ಸಾತ್ತ್ವಿಕಭಾವಗಳಲ್ಲಿ ಸ್ತಂಭವೂ ಒಂದು. ಆದರೆ ಅದು ಹರ್ಷ, ಭಯ, ವಿಸ್ಮಯ, ವಿಷಾದ ಮೊದಲಾದ ಕಾರಣಗಳಿಂದ ಹುಟ್ಟಬೇಕು. ಒಳಗೆ ಕುದಿಯುವುದಿದ್ದು ಹೊರಗೆ ಮೈ ಸ್ತಬ್ಧವಾದರೆ ಅದು ಭಾವ. ಒಳಗೆ ಏನೂ ಇಲ್ಲದೆ ಹೊರಗೆ ನಿಶ್ಚಲವಾಗಿರುವುದಾದರೆ ಅದು ಬರಿಯ ಕಂಬ. ಮೌನಕ್ಕೂ ಇದೇ ನಿಯಮ.

ಕಾರಣವುಳ್ಳ ಮೌನವೆಂದರೆ ಏನೆಂಬುದನ್ನು ಇದೇ ಸಂಪ್ರದಾಯದ ಇತರ ನಟರು ತೋರಿಸಿಕೊಟ್ಟಿರುವರು. ಸೆರ್ಜಿಯೊ ಕೊರ್ಬುಚ್ಚಿಯು ೧೯೬೮ರಲ್ಲಿ ತೆಗೆದ 'ದಿ ಗ್ರೇಟ್ ಸೈಲೆನ್ಸ್' ಎಂಬ ಚಿತ್ರದಲ್ಲಿ ಫ್ರೆಂಚ್ ನಟ ಝಾನ್ ಲೂಯಿ ಟ್ರಿಂಟಿನ್ಯಾನನು ಮೂಗನ ಪಾತ್ರವನ್ನು ವಹಿಸಿದನು. ಬಾಲ್ಯದಲ್ಲಿ ತಂದೆತಾಯಿಗಳ ಕೊಲೆಯನ್ನು ಕಂಡ ಆ ಹುಡುಗನು ಬಾಯಿಬಿಡದಿರಲೆಂದು ಕೊಲೆಗಡುಕರು ಅವನ ಗಂಟಲನ್ನೇ ಕೊಯ್ದಿರುವರು. ಅಲ್ಲಿ ಮೌನವು ಗಾಯ. ಅದೇ ವರ್ಷದ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' ಎಂಬ ಲೆಯೋನೆಯ ಚಿತ್ರದಲ್ಲಿ ಚಾರ್ಲ್ಸ್ ಬ್ರಾನ್ಸನ್ನನು ಮಾತಿಗೆ ಬದಲಾಗಿ ಬಾಯಿವಾದ್ಯವನ್ನು ಊದುತ್ತಿರುವನು. ಏಕೆಂಬುದು ಕೊನೆಯಲ್ಲಿ ತಿಳಿಯುವುದು: ಕೊರಳಿಗೆ ಉರುಳು ಬಿದ್ದ ಅಣ್ಣನನ್ನು ಹೆಗಲಮೇಲೆ ಹೊತ್ತುನಿಂತ ಬಾಲಕನ ಬಾಯಿಗೆ ಖಳನು ಆ ವಾದ್ಯವನ್ನು ತುರುಕಿದ್ದನು. ನಾಲ್ಕು ವರ್ಷಗಳ ಹಿಂದೆ ತಾನು ಕಾರಣವಿಲ್ಲದೆ ಬಳಸಿದ ಮೌನಕ್ಕೆ ಲೆಯೋನೆಯು ಇಲ್ಲಿ ಕಾರಣವನ್ನು ಹುಡುಕಿಕೊಂಡನೆಂದರೆ ತಪ್ಪಾಗಲಾರದು.

ಇನ್ನು ಲೀ ವಾನ್ ಕ್ಲೀಫನ ಮಾತು. ೧೯೫೨ರ 'ಹೈ ನೂನ್' ಎಂಬ ಅಮೆರಿಕದ ಚಿತ್ರದಲ್ಲಿ ಒಂದು ಮಾತನ್ನೂ ಆಡದ ಕೇಡಿಗನಾಗಿ ಕಾಣಿಸಿಕೊಂಡ ಈತನು ಅವಕಾಶಗಳಿಲ್ಲದೆ ಚಿತ್ರಲೇಖನದಲ್ಲಿ ಕಾಲ ಕಳೆಯುತ್ತಿದ್ದಾಗ ಲೆಯೋನೆಯ ಕರೆ ಬಂದಿತು. ೧೯೬೫ರ 'ಫಾರ್ ಎ ಫ್ಯೂ ಡಾಲರ್ಸ್ ಮೋರ್' ಎಂಬುದರಲ್ಲಿ ಕರ್ನಲ್ ಮಾರ್ಟಿಮರನೆಂಬ ಪಾತ್ರವು ಆತನದು. ಚಿತ್ರದುದ್ದಕ್ಕೂ ಈಸ್ಟ್‌ವುಡ್ಡನು ಹಣಕ್ಕಾಗಿ ಬೇಟೆಯಾಡುವನು. ಕರ್ನಲನೂ ಹಾಗೆಯೇ ಎಂದು ಪ್ರೇಕ್ಷಕರು ತಿಳಿದಿರುವರು. ಹಾಡುವ ಗಡಿಯಾರದ ಗುಟ್ಟು ಹೊರಬಿದ್ದಾಗ, ಸತ್ತುಹೋದ ತಂಗಿಯ ನೆನಪನ್ನು ಹೊತ್ತು ಆತನು ಅಲೆಯುತ್ತಿದ್ದನೆಂಬುದು ತಿಳಿಯುವುದು. ಬಹುಮಾನದ ಹಣವನ್ನೆಲ್ಲ ಜೊತೆಗಾರನಿಗೇ ಬಿಟ್ಟು ಕುದುರೆಯೇರಿ ಹೊರಟುಹೋಗುವ ಆ ಮುಖದಲ್ಲಿ ಶೋಕವೂ ಶಾಂತಿಯೂ ಒಟ್ಟಿಗೆ ಇರುವುವು. ಆ ಕ್ಷಣದಲ್ಲಿ ನಾಯಕನು ಯಾರೆಂಬ ಸಂಶಯವು ಉಳಿಯದು. ಹಣ ಎಣಿಸುತ್ತ ನಿಂತವನು ಖಂಡಿತವಾಗಿಯೂ ಅಲ್ಲ.

ಫ್ರಾಂಕೊ ನೇರೊವಿನ ಅಭಿಮಾನಿಗಳದು ಬೇರೊಂದು ಬಣ. ೧೯೬೬ರಲ್ಲಿ ಕೊರ್ಬುಚ್ಚಿಯ 'ಜಾಂಗೊ' ಚಿತ್ರದಲ್ಲಿ ಕೆಸರಿನಲ್ಲಿ ಶವಪೆಟ್ಟಿಗೆಯನ್ನು ಎಳೆಯುತ್ತ ಬಂದ ಈ ನೀಲಗಣ್ಣಿನ ತರುಣನನ್ನು ಒಮ್ಮೆ ಕಂಡವರು ಮರೆಯಲಾರರು. ಎರಡು ಕೈಗಳನ್ನೂ ಜಜ್ಜಿಸಿಕೊಂಡು, ಸಮಾಧಿಯ ಶಿಲುಬೆಗೆ ಪಿಸ್ತೂಲನ್ನು ಆನಿಸಿ ಹೋರಾಡುವ ಕೊನೆಯ ದೃಶ್ಯದಲ್ಲಿ ಕರುಣವೂ ವೀರವೂ ಬೆರೆತಿರುವುವು. ಆ ಚಿತ್ರದ ಕ್ರೌರ್ಯಕ್ಕೆ ಹೇಸಿ ಬ್ರಿಟನ್ನಿನ ಪರಿಶೀಲಕರು ೧೯೯೩ರವರೆಗೆ ಪ್ರಮಾಣಪತ್ರವನ್ನೇ ಕೊಡಲಿಲ್ಲ. ಆದರೆ ನೇರೊವಿನ ಕೀರ್ತಿಯಲ್ಲಿ ಆ ಪೆಟ್ಟಿಗೆಯ ಪಾಲೆಷ್ಟು, ಆತನ ಪಾಲೆಷ್ಟು ಎಂಬುದು ವಿಚಾರಣೀಯ. 'ಜಾಂಗೊ' ಎಂಬ ಹೆಸರನ್ನು ಕಥೆಗೆ ಸಂಬಂಧವಿಲ್ಲದ ಹತ್ತಾರು ಚಿತ್ರಗಳಿಗೆ ಅಂಟಿಸಿ ವ್ಯಾಪಾರಗಾರರು ಲಾಭ ಮಾಡಿಕೊಂಡರು. ನಟನಿಲ್ಲದೆಯೂ ಹೆಸರು ಮಾರಾಟವಾಯಿತೆಂದರೆ ಅಲ್ಲಿಯೂ ಆಹಾರ್ಯದ ಕೈಯೇ ಮೇಲಾಯಿತೆಂದು ಹೇಳಬೇಕು.

ಜೂಲಿಯಾನೊ ಜೆಮ್ಮಾ ಎಂಬ ರೋಮ್ ನಗರದ ಯುವಕನು ೧೯೬೫ರ 'ಎ ಪಿಸ್ಟಲ್ ಫಾರ್ ರಿಂಗೊ' ಚಿತ್ರದಲ್ಲಿ ಕುರುಚಲು ಗಡ್ಡವನ್ನು ಬೋಳಿಸಿ, ಕೊಳೆಯನ್ನು ಕೊಡವಿ, ನಗುನಗುತ್ತ ಬಂದನು. ಆತನ ಲಘುವಾದ ಅಂಗಸಾಧನೆಯು ನೋಡಲು ಹಿತವಾದುದು. ೧೯೬೭ರ 'ಡೇ ಆಫ್ ಆ್ಯಂಗರ್' ಎಂಬ ತೊನಿನೊ ವಲೇರಿಯ ಚಿತ್ರದಲ್ಲಿ ಆತನದು ಊರವರೆಲ್ಲರೂ ತುಚ್ಛವಾಗಿ ಕಾಣುವ, ಬೀದಿ ಬಳಿಯುವ ಅನಾಥನ ಪಾತ್ರ. ಬಂದೂಕಿನ ವಿದ್ಯೆಯನ್ನು ಹೇಳಿಕೊಡುವ ಗುರುವು ವಾನ್ ಕ್ಲೀಫ್. ಕಲಿತ ವಿದ್ಯೆಯು ಅಧರ್ಮದ ಕಡೆಗಿದೆಯೆಂದು ಮನಗಂಡ ಶಿಷ್ಯನು ಕೊನೆಗೆ ಗುರುವಿನ ಮೇಲೆಯೇ ಅದನ್ನು ಪ್ರಯೋಗಿಸಿ, ಪಿಸ್ತೂಲನ್ನು ಬಿಸುಟುಬಿಡುವನು. ಗುರುಶಿಷ್ಯ ಸಂಬಂಧದ ಬೆಲೆಯನ್ನು ಬಲ್ಲವರಿಗೆ ಆ ಕೊನೆಯು ಬಹುಕಾಲ ಮನಸ್ಸನ್ನು ಕೊರೆಯುವಂತಹುದು. ಆದರೂ ಜೆಮ್ಮಾನ ವ್ಯಾಪ್ತಿಯು ಕಿರಿದು. ಗುರುವಿನ ನೆರಳಿನಲ್ಲಿಯೇ ಶಿಷ್ಯನು ಬೆಳಗಿದನು.

ಟೆರೆನ್ಸ್ ಹಿಲ್ಲನೂ ಬಡ್ ಸ್ಪೆನ್ಸರನೂ ಹಾಸ್ಯರಸದ ಜೋಡಿ. ಹೆಸರು ಆಂಗ್ಲವಾದರೂ ಒಬ್ಬನು ವೆನಿಸ್ಸಿನಲ್ಲಿ ಹುಟ್ಟಿದ ಮಾರಿಯೊ ಜಿರೊತ್ತಿ, ಇನ್ನೊಬ್ಬನು ನೇಪಲ್ಸಿನಲ್ಲಿ ಹುಟ್ಟಿ, ೧೯೫೨ ಮತ್ತು ೧೯೫೬ರ ಒಲಿಂಪಿಕ್ ಕೂಟಗಳಲ್ಲಿ ಈಜಿದ ಕಾರ್ಲೊ ಪೆದೆರ್ಸೋಲಿ. ೧೯೭೦ರ 'ದೇ ಕಾಲ್ ಮಿ ಟ್ರಿನಿಟಿ' ಚಿತ್ರದಿಂದ ಗುಂಡಿನ ಸ್ಥಾನಕ್ಕೆ ಕಪಾಳಮೋಕ್ಷವು ಬಂದಿತು. ಈ ಜೋಡಿಯೇ ಸಂಪ್ರದಾಯವನ್ನು ನಗೆಪಾಟಲು ಮಾಡಿ ಕೊಂದಿತೆಂದು ಗಂಭೀರಪಕ್ಷದವರು ಆಕ್ಷೇಪಿಸುವರು. ನೂರಾರು ಹೆಣಗಳನ್ನು ಕಂಡು ಬೇಸತ್ತ ಪ್ರೇಕ್ಷಕರು ನಗಬಯಸಿದರೆ ಅದು ನಟರ ಅಪರಾಧವಲ್ಲ. ಮಕ್ಕಳೊಡನೆ ಕುಳಿತು ನೋಡಬಹುದಾದ ಚಿತ್ರಗಳನ್ನು ಕೊಟ್ಟ ಪುಣ್ಯವು ಅವರಿಗಿರಲಿ. ಆದರೆ ವಿನೋದವು ಶ್ರೇಷ್ಠತೆಯ ಪ್ರಶ್ನೆಯನ್ನು ಬಗೆಹರಿಸದು.

ಹಾಗಾದರೆ ಶ್ರೇಷ್ಠನು ಯಾರು? ಮಿಲಾನಿನಲ್ಲಿ ೧೯೩೩ರಲ್ಲಿ ಹುಟ್ಟಿ, ರೋಮಿನ ನಾಟ್ಯ ವಿದ್ಯಾಲಯದಲ್ಲಿ ಶಾಸ್ತ್ರೋಕ್ತವಾಗಿ ಕಲಿತು, ರಂಗಭೂಮಿಯಿಂದ ಬಂದ ಜಾನ್ ಮರಿಯಾ ವೊಲೊಂಟೆ. ಈಸ್ಟ್‌ವುಡ್ಡನ ಮೊದಲೆರಡು ಚಿತ್ರಗಳಲ್ಲಿ ಎದುರಾಳಿಯಾಗಿ ನಿಂತವನು ಈತನೇ. ಮೊದಲನೆಯದರಲ್ಲಿ ರಾಮೊನ್ ರೋಹೊ: ಎದೆಗೇ ಗುರಿಯಿಡುವ ತನ್ನ ಬಂದೂಕಿನ ಮೇಲೆ ಅತಿವಿಶ್ವಾಸವುಳ್ಳ ಅಹಂಕಾರಿ. ಎರಡನೆಯದರಲ್ಲಿ ಇಂದಿಯೊ: ತಾನು ಗೈದ ಪಾಪದ ನೆನಪಿನಿಂದ ಬಿಡುಗಡೆಯಿಲ್ಲದೆ ಮಾದಕ ಹೊಗೆಯಲ್ಲಿ ಮುಳುಗುವ ಕ್ರೂರಿ. ಗಡಿಯಾರದ ಹಾಡು ಕೇಳಿದಾಗ ಆತನ ಮುಖವು ವಿವರ್ಣವಾಗುವುದನ್ನೂ ಕಣ್ಣು ಎಲ್ಲೋ ಹೋಗಿಬಿಡುವುದನ್ನೂ ಗಮನಿಸಿದವರು ಸಾತ್ತ್ವಿಕವೆಂದರೇನೆಂದು ಬೇರೆ ಗ್ರಂಥದಲ್ಲಿ ಹುಡುಕಬೇಕಾಗಿಲ್ಲ.

ವೊಲೊಂಟೆಯದು ರಂಗಸ್ಥಳದ ಅತ್ಯಭಿನಯ, ಚಲಚ್ಚಿತ್ರಕ್ಕೆ ಸಲ್ಲದೆಂಬ ಆಕ್ಷೇಪವುಂಟು. ಈ ಆಕ್ಷೇಪವನ್ನೆತ್ತುವವರು ಆತನ ಉಳಿದೆರಡು ಚಿತ್ರಗಳನ್ನು ನೋಡಿಲ್ಲವೆಂದು ತೋರುವುದು. ೧೯೬೬ರಲ್ಲಿ ದಾಮಿಯಾನೊ ದಾಮಿಯಾನಿಯು ತೆಗೆದ 'ಎ ಬುಲೆಟ್ ಫಾರ್ ದಿ ಜನರಲ್' ಚಿತ್ರದಲ್ಲಿ ಆತನು ಎಲ್ ಚುಂಚೊ ಎಂಬ ದರೋಡೆಗಾರ. ಮೆಕ್ಸಿಕೋದ ಕ್ರಾಂತಿಯ ಕಾಲದಲ್ಲಿ ಬಂದೂಕುಗಳನ್ನು ಮಾರಿ ಬದುಕುವ ಈ ಒರಟನು ಬಿಳಿಯ ತರುಣನೊಬ್ಬನನ್ನು ನಂಬಿ ಗೆಳೆಯನನ್ನಾಗಿ ಮಾಡಿಕೊಳ್ಳುವನು. ಆ ಗೆಳೆಯನು ಕೂಲಿಗೆ ಕೊಲ್ಲಲು ಬಂದವನೆಂದು ತಿಳಿದು ಕೊನೆಗೆ ಅವನನ್ನು ಕೊಲ್ಲುವನು. ದ್ರವ್ಯದ ಆಸೆಗೂ ಎಚ್ಚತ್ತ ಮನಸ್ಸಿಗೂ ನಡುವಣ ಹೊಯ್ದಾಟವೆಲ್ಲವೂ ಆ ಮುಖದಲ್ಲಿ ಹರಿದಾಡುವುದು. ೧೯೬೭ರ 'ಫೇಸ್ ಟು ಫೇಸ್' ಎಂಬ ಸೆರ್ಜಿಯೊ ಸೊಲ್ಲಿಮಾನ ಚಿತ್ರದಲ್ಲಿಯಾದರೋ ಆತನು ಬೋಸ್ಟನ್ನಿನ ಇತಿಹಾಸದ ಅಧ್ಯಾಪಕ. ಕ್ಷಯರೋಗದಿಂದ ಬಳಲಿ ಒಣಹವೆಗಾಗಿ ದಕ್ಷಿಣಕ್ಕೆ ಬಂದ ಈ ಸೌಮ್ಯನು ದರೋಡೆಗಾರನೊಬ್ಬನ ಸಹವಾಸಕ್ಕೆ ಬಿದ್ದು, ಹಿಂಸೆಯ ರುಚಿಯನ್ನು ಕಂಡು, ತನ್ನ ವಿದ್ಯೆಯನ್ನೆಲ್ಲ ಅದರ ಸಮರ್ಥನೆಗೆ ಬಳಸುವನು. ಅತ್ತ ಅಕ್ಷರವರಿಯದ ದರೋಡೆಗಾರನು ಇವನನ್ನು ನೋಡಿ ಮನುಷ್ಯನಾಗುವನು. ಆ ದರೋಡೆಗಾರನು ಕ್ಯೂಬಾ ದೇಶದ ತೊಮಾಸ್ ಮಿಲಿಯನ್. ಹಿಂದಿನ ವರ್ಷದ 'ದಿ ಬಿಗ್ ಗನ್‌ಡೌನ್' ಚಿತ್ರದಲ್ಲಿ ಅನ್ಯಾಯದ ಆರೋಪ ಹೊತ್ತ ಬಡವನಾಗಿ ಹೃದಯವನ್ನು ಕರಗಿಸಿದವನು. ಆತನಿಗೆ ಎರಡನೆಯ ಸ್ಥಾನವು ಸಲ್ಲಬೇಕು.

ವಿದ್ಯಾವಂತರ ಮನೆಗಳಲ್ಲಿ 'ಫೇಸ್ ಟು ಫೇಸ್' ಚಿತ್ರವನ್ನು ನೋಡಿ ಚರ್ಚಿಸುವುದು ಉಚಿತ. ಓದು ಒಂದೇ ಮನುಷ್ಯನನ್ನು ಹಿಂಸೆಯಿಂದ ಕಾಪಾಡದು, ಓದಿದವನು ಕೆಟ್ಟರೆ ಓದದವನಿಗಿಂತ ಹೆಚ್ಚು ಕೆಡುವನು ಎಂಬ ಕಹಿಯಾದ ಸತ್ಯವನ್ನು ವೊಲೊಂಟೆಯು ಉಪದೇಶದಿಂದಲ್ಲ, ಮುಖದಿಂದ ಹೇಳಿರುವನು. ಅಂಜುತ್ತಿದ್ದ ಕಣ್ಣುಗಳು ಆಜ್ಞೆ ಮಾಡುವ ಕಣ್ಣುಗಳಾಗುವುದನ್ನು ಹಂತಹಂತವಾಗಿ ತೋರಿಸುವುದು ಕಂಬದಿಂದ ಆಗುವ ಕೆಲಸವಲ್ಲ.

ಪ್ರತಿನಾಯಕನನ್ನು ನಾಯಕನಟರ ಪಂಕ್ತಿಯಲ್ಲಿ ಕೂರಿಸುವುದು ಹೇಗೆಂದು ಕೇಳುವವರು ರನ್ನನ 'ಗದಾಯುದ್ಧ'ವನ್ನು ನೆನೆಯಬೇಕು. ಕಥಾನಾಯಕನು ಭೀಮನೇ, ಆದರೂ ಕಾವ್ಯವನ್ನು ಮುಚ್ಚಿಟ್ಟ ಮೇಲೆ ಎದೆಯಲ್ಲಿ ಉಳಿಯುವವನು ದುರ್ಯೋಧನ. ಲೆಯೋನೆಯ ೧೯೬೬ರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಚಿತ್ರವೂ ಇದಕ್ಕೆ ಸಾಕ್ಷಿ. ಅಲ್ಲಿ ಟೂಕೊ ಎಂಬ ಕಳ್ಳನ ಪಾತ್ರ ವಹಿಸಿದ ಈಲೈ ವಾಲಕನು ಸಂನ್ಯಾಸಿಯಾದ ಸಹೋದರನ ಮಠದಲ್ಲಿ ಅವನಿಂದ ತಿರಸ್ಕೃತನಾಗಿ ಹೊರಬಂದು, ಅವನು ತನ್ನನ್ನು ಆದರಿಸಿದನೆಂದು ಸುಳ್ಳು ಹೇಳುವನು. ಎಲ್ಲವನ್ನೂ ಮರೆಯಿಂದ ಕಂಡಿದ್ದ ಈಸ್ಟ್‌ವುಡ್ಡನು ಕಂಡುದನ್ನು ಕುರಿತು ಏನನ್ನೂ ಆಡದೆ ತನ್ನ ಚುಟ್ಟವನ್ನು ಅವನಿಗೆ ನೀಡುವನು. ನ್ಯಾಯವಾಗಿ ಹೇಳುವುದಾದರೆ ಮೂರು ಚಿತ್ರಗಳಲ್ಲಿ ಈಸ್ಟ್‌ವುಡ್ಡನ ಅತ್ಯುತ್ತಮ ಕ್ಷಣವು ಅದೇ. ಅಲ್ಲಿ ಮೌನಕ್ಕೆ ಕಾರಣವಿದೆ, ದಯೆಯಿದೆ. ಆದರೆ ಆ ಕಾರಣವನ್ನು ಒದಗಿಸಿದವನು ವಾಲಕ್ ಎಂಬುದನ್ನು ಮರೆಯಬಾರದು.

ಮೂರನೆಯ ವಾದವಾದ ಲೋಕಪ್ರಸಿದ್ಧಿಯ ವಿಷಯದಲ್ಲಿ ಕನ್ನಡನಾಡಿನ ನೆಲವೇ ಒಂದು ಉತ್ತರವನ್ನು ಕೊಟ್ಟಿದೆ. ಇಟಲಿಯ ಈ ಚಿತ್ರಗಳ ಪ್ರಭಾವಕ್ಕೆ ಒಳಗಾದ 'ಶೋಲೆ' ಎಂಬ ಹಿಂದೀ ಚಿತ್ರವನ್ನು ರಾಮನಗರದ ಬಂಡೆಗಳ ನಡುವೆ ತೆಗೆದರು. ೧೯೭೫ರಲ್ಲಿ ಅದು ತೆರೆಗೆ ಬಂದಿತು. ಠಾಕೂರನ ಮನೆಯವರ ಕೊಲೆಯ ದೃಶ್ಯವನ್ನು ಕಂಡವರಿಗೆ ಲೆಯೋನೆಯ ೧೯೬೮ರ ಚಿತ್ರದ ನೆನಪು ಬಾರದಿರದು. ಆ ಚಿತ್ರದಲ್ಲಿ ನಾಯಕರಿಬ್ಬರೂ ಆಗಲೇ ಹೆಸರಾಂತವರು. ಆದರೆ ಜನರ ಬಾಯಲ್ಲಿ ನಿಂತುದು, ಮಕ್ಕಳು ಆಡಿ ತೋರಿಸಿದುದು, ಅಮ್ಜದ್ ಖಾನನು ಅಭಿನಯಿಸಿದ ಗಬ್ಬರ್ ಸಿಂಗನ ಮಾತುಗಳನ್ನು. ಪ್ರಸಿದ್ಧಿಯೇ ಪ್ರಮಾಣವಾದರೆ ಅದು ಎದುರಾಳಿಯ ಪರವಾಗಿಯೂ ಸಾಕ್ಷಿ ನುಡಿಯುವುದೆಂದು ಇದರಿಂದ ಸಿದ್ಧವಾಯಿತು. ವೊಲೊಂಟೆಯ ಪ್ರಸಿದ್ಧಿಯೂ ಅಲ್ಪವಾದುದಲ್ಲ. ಆತನು ಮುಖ್ಯಪಾತ್ರದಲ್ಲಿದ್ದ ೧೯೭೦ರ ಚಿತ್ರವೊಂದು ಪರಭಾಷಾ ಚಿತ್ರಗಳಿಗೆ ಮೀಸಲಾದ ಆಸ್ಕರನ್ನು ಪಡೆಯಿತು. ೧೯೭೨ರ ಕಾನ್ ಉತ್ಸವದಲ್ಲಿ ಮೊದಲ ಬಹುಮಾನವನ್ನು ಹಂಚಿಕೊಂಡ ಎರಡು ಚಿತ್ರಗಳಲ್ಲಿಯೂ ಮುಖ್ಯನಟನು ಆತನೊಬ್ಬನೇ.

ಇಷ್ಟು ವಾದವೇಕೆ, ಮನರಂಜನೆಯ ಚಿತ್ರಗಳಲ್ಲವೆ ಎಂದು ಕೆಲವರು ನಗಬಹುದು. ಯಾರನ್ನು ಮೆಚ್ಚುವರೋ ಅವರಂತಾಗಲು ಎಳೆಯರು ಹವಣಿಸುವರು. ಮನೆಯ ಹುಡುಗನು ತಾಯಿಯ ಪ್ರಶ್ನೆಗೆ ಉತ್ತರ ಕೊಡದೆ ಕಣ್ಣು ಕಿರಿದುಮಾಡಿ ನಿಂತರೆ, ಮಾತನಾಡದಿರುವುದೇ ಧೈರ್ಯ, ಮರುಗದಿರುವುದೇ ಗಂಡಸುತನ ಎಂದು ಅವನಿಗೆ ಯಾರು ಕಲಿಸಿದರು? ಕೊಂದವನ ಮುಖದಲ್ಲಿ ಕೊಂದುದರ ಗುರುತೇ ಇಲ್ಲದಿರುವುದನ್ನು ಕಲೆಯೆಂದು ಹೊಗಳುತ್ತ ಹೋದರೆ, ನೋಡುವವನ ಮನಸ್ಸಿನಲ್ಲಿಯೂ ಆ ಗುರುತು ಮೂಡದೆ ಹೋದೀತು. ಇಂದಿಯೊವಿನ ಮುಖದಲ್ಲಿ ಪಾಪವು ಕಾಣುವುದು. ಅಧ್ಯಾಪಕ ಫ್ಲೆಚರನ ಮುಖದಲ್ಲಿ ಪತನವು ಕಾಣುವುದು. ಮಾರ್ಟಿಮರನ ಮುಖದಲ್ಲಿ ಸೇಡಿನ ಬೆಲೆಯು ಕಾಣುವುದು. ಹೆಸರಿಲ್ಲದ ವೀರನ ಮುಖದಲ್ಲಿ ಕಾಣುವುದು ಬಿಸಿಲು ಮಾತ್ರ.

ಈ ತೀರ್ಪಿಗೆ ಅತ್ಯಂತ ದೊಡ್ಡ ಸಮ್ಮತಿಯು ಬಂದುದು ಬೇರೆಲ್ಲಿಂದಲೂ ಅಲ್ಲ, ಈಸ್ಟ್‌ವುಡ್ಡನಿಂದಲೇ. ೧೯೯೨ರಲ್ಲಿ ಆತನು 'ಅನ್‌ಫರ್ಗಿವನ್' ಎಂಬ ಚಿತ್ರವನ್ನು ತಾನೇ ನಿರ್ದೇಶಿಸಿ, ಅದನ್ನು ಲೆಯೋನೆಗೂ ತನ್ನ ಇನ್ನೊಬ್ಬ ನಿರ್ದೇಶಕ ಡಾನ್ ಸೀಗೆಲನಿಗೂ ಅರ್ಪಿಸಿದನು. ಅದರಲ್ಲಿ ಆತನು ಮುದಿಯಾದ ಕೊಲೆಗಾರ. ಕುದುರೆಯನ್ನೇರಲೂ ತಡವರಿಸುವನು, ತಾನು ಕೊಂದವರ ಮುಖಗಳನ್ನು ಕನಸಿನಲ್ಲಿ ಕಂಡು ನಡುಗುವನು. ಅತ್ಯುತ್ತಮ ಚಿತ್ರವೆಂದೂ ಅತ್ಯುತ್ತಮ ನಿರ್ದೇಶನವೆಂದೂ ಆಸ್ಕರುಗಳು ಅದಕ್ಕೆ ಸಂದುವು. ತನ್ನ ಯೌವನದ ವೇಷವನ್ನು ತನ್ನ ಕೈಯಾರೆ ಕಳಚಿಟ್ಟು, ಅದರ ಕೆಳಗೆ ಮನುಷ್ಯನೊಬ್ಬನಿರಬೇಕಾಗಿತ್ತೆಂದು ಒಪ್ಪಿಕೊಂಡ ಆ ವೃದ್ಧನಟನ ಮುಂದೆ ತಲೆಬಾಗಬೇಕಾದುದೇ ಸರಿ. ೧೯೬೪ರಲ್ಲಿ ವೊಲೊಂಟೆಗೆ ತಿಳಿದಿದ್ದುದು ಈಸ್ಟ್‌ವುಡ್ಡನಿಗೆ ತಿಳಿಯಲು ೨೮ ವರ್ಷಗಳು ಬೇಕಾದುವು. ಆತನ ಅಭಿಮಾನಿಗಳಿಗೆ ಅದಕ್ಕಿಂತ ಹೆಚ್ಚು ಕಾಲವು ಹಿಡಿಯದಿರಲಿ.